ನಾಲ್ಕನೆಯ ಪದ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಒಂದೇ ಪುಟದ್ದು. ಭಾನುವಾರ ಹಳೆಯ ಮಾರುಕಟ್ಟೆಯ ಹಿಂದಿನ ಮನೆಯೊಂದರ ಗೋಡೆ ಕುಸಿದು ಅಲ್ಲಿದ್ದ ದರ್ಜಿ ಸತ್ತಿದ್ದ. ಆ ಮನೆ ಬೀಳುವಂತಿದೆ, ತೆರವು ಮಾಡಿಸಿ ಎಂದು ನಗರಸಭೆಯ ಇಂಜಿನಿಯರು ಬೇಸಿಗೆಯಲ್ಲೇ ಬರೆದಿದ್ದರು. ಆದರೆ ಮನೆಯವರಿಗೆ ನೋಟಿಸು ಬಂದಿರಲಿಲ್ಲ. ದರ್ಜಿಯ ಹೆಂಡತಿ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ತಮ್ಮ, ನಗರಸಭೆಯ ಕಂಪ್ಯೂಟರ್ ವಿಭಾಗದಲ್ಲೇ ಕೆಲಸಕ್ಕಿದ್ದವನು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ನೋಟಿಸು ಹಂಚೋ ಜವಾನನ ಮೇಲೆ," ತಮ್ಮ ಹೇಳಿದ. "ದಾಖಲೆಲಿ ಮನೆ 'ತೆರವು' ಅಂತಾನೇ ಇದೆ ಸಾರ್. ಪ್ರಿಂಟ್ ತಂದಿದೀನಿ."

"ನಂಗೆ ಯಾರು ಅಂತ ಗೊತ್ತಾಗ್ಬೇಕು. ಅಷ್ಟೇ," ಎಂದಳು ಅಕ್ಕ.

ಆ ವಾರ ಇನ್‌ಸ್ಪೆಕ್ಟರರ ಮೇಜಿಗೆ ಬಂದ ಮೂರನೆಯ ಸಾವು ಅದು. ಮೊಣಕಾಲು ನೋವು ಬೇರೆ. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೇಬಲ್ ಪುರಾಣನನ್ನು ಕರೆದುಕೊಂಡು ಹೊರಟರು. ಒಂದು ಕೇಳಿದರೆ ಹತ್ತು ಹೇಳುವ ಅವನಿಗೆ ಠಾಣೆಯವರೇ ಇಟ್ಟ ಹೆಸರು ಅದು.

ಜವಾನ ಮನೆಯಲ್ಲೇ ಇದ್ದ. ಅವನನ್ನು ಆಗಲೇ ಅಮಾನತು ಮಾಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ಕಚೇರಿಗಳು ಯಾವತ್ತೂ ತಡಮಾಡುವುದಿಲ್ಲ.

"ಆ ಮನೆ ಹೆಸರಲ್ಲಿ ನೋಟಿಸೇ ಪ್ರಿಂಟ್ ಆಗಿಲ್ಲ ಸಾರ್. ಕೊಡದೇ ಇರೋ ಕಾಗದ ಎಲ್ಲಿಂದ ಹಂಚಲಿ, ನೀವೇ ಹೇಳಿ."

"ತೆರವು ಮಾಡೋ ಮನೆಗಳ ಪಟ್ಟಿಲಿ ಇತ್ತಲ್ಲ?"

"ಈಗಿದೆ ಅಂತಾರೆ. ಆಗಿರ್ಲಿಲ್ಲ."

ಇನ್‌ಸ್ಪೆಕ್ಟರರಿಗೆ ಅವನ ಮಾತು ಸುಳ್ಳೆನಿಸಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇಬ್ಬರೂ ನಗರಸಭೆಯ ಕಂಪ್ಯೂಟರ್ ಕೋಣೆಯಲ್ಲಿದ್ದರು. ಭಾವ ಸತ್ತ ಕಾರಣಕ್ಕೆ ತಮ್ಮ ರಜೆಯಲ್ಲಿದ್ದ. ಇದ್ದವಳು ಅವನ ಜೊತೆ ಕೆಲಸ ಮಾಡುವ ಹುಡುಗಿ, ತಲೆನೋವಿಗೆ ಹಣೆಯ ತುಂಬ ಮುಲಾಮು ಹಚ್ಚಿಕೊಂಡಿದ್ದಳು.

"ನಂಗೆ ಅರ್ಥ ಆಗೋ ಹಾಗೆ ಹೇಳಮ್ಮ," ಎಂದು ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡರು.

"ಮನೆ ಸ್ಥಿತಿ ಬರೆಯೋ ಕಾಲಂಗೆ ಮನಸ್ಸಿಗೆ ಬಂದಿದ್ದು ಬರೆಯೋಕಾಗಲ್ಲ ಸಾರ್. ಅದಕ್ಕೆ ಅಂತ ನಾವೇ ಮಾಡಿದ ಒಂದು ಟೈಪ್ ಇದೆ, ಪದಗಳ ಪಟ್ಟಿ ಅಂದ್ಕೊಳ್ಳಿ. ಅದ್ರಲ್ಲಿರೋ ಪದ ಮಾತ್ರ ಅದು ತಗೊಳ್ಳುತ್ತೆ. ಸುಸ್ಥಿತಿ, ದುರಸ್ತಿ, ತೆರವು. ದುರಸ್ತಿ ಅಂದ್ರೆ ಮೇಸ್ತ್ರಿ ಹೋಗ್ತಾರೆ, ತೆರವು ಅಂದ್ರೆ ನೋಟಿಸು ಹೋಗುತ್ತೆ."

ಪರದೆಯ ಮೇಲೆ ಟೈಪನ್ನು ತೆರೆದು ತೋರಿಸಿದವಳು ಅಲ್ಲೇ ನಿಂತಳು. ಪದಗಳು ನಾಲ್ಕಿದ್ದವು. ಕೊನೆಯದು 'ಪರಿಶೀಲನೆ'.

"ಇದು ನಾವು ಇಟ್ಟಿದ್ದಲ್ಲ."

"ಯಾವ ಮನೆಗೆ ಹಾಕಿದಾರೆ?"

ಹುಡುಕಿದಳು. "ಒಂದಕ್ಕೂ ಇಲ್ಲ."

"ಬಳಸದೇ ಇರೋ ಪದ ಯಾಕೆ ಸೇರಿಸ್ತಾರೆ? ಬಳಸಿದ ಮೇಲೆ ಅಳಿಸೋದಲ್ವಾ?"

"ಅಳಿಸೋಕೆ ಬರಲ್ಲ ಸಾರ್. ಸೇರಿಸೋದು ಒಂದು ಸಾಲಿನ ಕೆಲಸ. ತೆಗೀಬೇಕು ಅಂದ್ರೆ ಹೊಸ ಟೈಪೇ ಮಾಡಿ, ಇಡೀ ಕಾಲಂನ ಅದಕ್ಕೆ ಬದಲಾಯಿಸಿ, ಹಳೇದನ್ನ ಬಿಸಾಕ್ಬೇಕು. ಅಲ್ಲೀವರೆಗೂ ಎಲ್ಲ ಕೌಂಟರೂ ಬಂದ್. ಕದ್ದು ಮಾಡೋಕಾಗಲ್ಲ."

ಶನಿವಾರದ ಬ್ಯಾಕಪ್ ತೆರೆಸಿದರು. ಅದರಲ್ಲಿ 'ಪರಿಶೀಲನೆ' ಎಂದಿದ್ದ ಮನೆ ಒಂದೇ ಒಂದು, ದರ್ಜಿಯದು. ಆ ಪದ ಇದ್ದಷ್ಟು ದಿನ ಅಲ್ಲಿಗೆ ಮೇಸ್ತ್ರಿಯೂ ಹೋಗಲಿಲ್ಲ, ನೋಟಿಸೂ ಹೋಗಲಿಲ್ಲ. ಗೋಡೆ ಬಿದ್ದ ಮೇಲೆ ಯಾರೋ ಅದನ್ನು ಮತ್ತೆ 'ತೆರವು' ಮಾಡಿದ್ದರು.

"ಟೈಪ್ ಬದಲಾಯಿಸೋಕೆ ಯಾರಿಗೆ ಆಗುತ್ತೆ?"

"ಅದನ್ನ ಮೊದಲು ಮಾಡಿದವರ ಲಾಗಿನ್ ಇರೋರಿಗೆ ಮಾತ್ರ."

"ಅಂದ್ರೆ?"

ಅವಳು ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದಳು.

ಇಬ್ಬರು ಗುಮಾಸ್ತರನ್ನು ಪಂಚರಾಗಿ ಕರೆಸಿ ಬ್ಯಾಕಪ್ಪನ್ನು ಜಪ್ತಿ ಮಾಡಿದರು. ಪುರಾಣ ಪೆನ್ನು ಕಚ್ಚುತ್ತ ಕುಳಿತ. "ಪಂಚನಾಮೆಲಿ ಏನಂತ ಬರೀಲಿ ಸಾರ್? ಆ ಟೈಪು ಕೈಗೂ ಸಿಗಲ್ಲ, ತೂಕಾನೂ ಇಲ್ಲ."

"ಕಂಡಷ್ಟು ಬರಿ. ನಿನ್ನ ಪುರಾಣ ಬೇಡ."

ಸಂಜೆ ನಾಲ್ಕಕ್ಕೆ ತಮ್ಮನನ್ನು ಅವನ ಮನೆಯಲ್ಲೇ ಬಂಧಿಸಿದರು. ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಗರ ಬಡಿದವಳಂತೆ ನಿಂತಿದ್ದಳು. ಅವನು ವಾದ ಮಾಡಲಿಲ್ಲ, ಜೀಪು ಹತ್ತಿದ ಮೇಲೆ ತಾನಾಗಿ ಬಾಯಿಬಿಟ್ಟ.

"ನೋಟಿಸು ಹೋಗಿದ್ರೆ ಅಕ್ಕ-ಭಾವ ನಮ್ಮನೆಗೇ ಬರೋರು ಸಾರ್. ನನ್ನ ಹೆಂಡ್ತಿಗೂ ಅಕ್ಕಂಗೂ ಮುಖ ಕೊಟ್ಟು ಮಾತಿಲ್ಲ. ಬಾ ಅನ್ನೋಕೆ ಧೈರ್ಯ ಇಲ್ಲ, ಬೇಡ ಅನ್ನೋಕೆ ಬಾಯಿಲ್ಲ. ದೊಡ್ಡ ಮನೆ ಸಿಗೋವರೆಗೂ ತಡೆಯೋಣ ಅಂದ್ಕೊಂಡೆ. ಗೋಡೆ ಇಷ್ಟು ಬೇಗ..."

"ಜವಾನನ ಮೇಲೆ ಯಾಕೆ ಹಾಕಿದೆ?"

ಅವನು ಜೀಪಿನ ಕಂಬಿ ಹಿಡಿದು ರಸ್ತೆಯ ಕಡೆ ತಿರುಗಿ ಕುಳಿತ.

ಇನ್‌ಸ್ಪೆಕ್ಟರರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಬ್ಬರು ಹೆಂಗಸರ ನಡುವೆ ಒಂದು ಮಾತಾಡಲು ಹೆದರಿದವನು ಒಂದು ಜೀವ ತೆಗೆದಿದ್ದ. ಇಂಥ ಹೇಡಿತನಕ್ಕೆ ಯಾವ ಕಲಂ ಹಾಕುವುದು ಎಂದು ಯೋಚಿಸಿಯೇ ದಣಿವಾಯಿತು.

ಅಕ್ಕನಿಗೆ ತಾವೇ ಹೇಳಬೇಕಾಗಿತ್ತು. ಠಾಣೆಗೆ ಕರೆಸಿ, ಕೂರಿಸಿ, ಸುತ್ತುಬಳಸದೆ ಹೇಳಿದರು. ಅವಳು ಅಳಲಿಲ್ಲ.

"ನಾವು ಅವನ ಮನೆಗೆ ಬರ್ತೀವಿ ಅಂದ್ಕೊಂಡ್ನಾ?" ಎಂದಳು.

"ಹಾಗಂದ."

"ನಾವ್ಯಾಕೆ ಅಲ್ಲಿಗೆ ಹೋಗ್ತಿದ್ವಿ ಸಾರ್? ಗೋಡೆ ಬಿರುಕು ಬಿಟ್ಟಾಗ್ಲೇ ನಮ್ಮ ಯಜಮಾನ್ರ ತಂಗಿ ಮನೇಲಿ ಕೋಣೆ ಖಾಲಿ ಮಾಡಿಟ್ಟಿದ್ರು. ಇವರು ನಾಳೆಗೇ ಹೋಗೋಣ ಅಂದ್ರು. ನಾನೇ ತಡೆದೆ, ತಮ್ಮ ಆಫೀಸಲ್ಲೇ ಇದಾನಲ್ಲ, ಅಷ್ಟು ಅಪಾಯ ಇದ್ರೆ ಅವನೇ ಮೊದ್ಲು ಹೇಳ್ತಾನೆ ಅಂತ."