ದೊಡ್ಡಕ್ಷರದ ಅಭ್ಯಾಸ

ಮಂಗಳವಾರ ಬೆಳಿಗ್ಗೆ ರಕ್ತಪರೀಕ್ಷಾ ಲ್ಯಾಬಿನ ಮಾಲೀಕರು ದೂರು ಹಿಡಿದು ಠಾಣೆಗೆ ಬಂದಾಗ ದಾಖಲೆ ಬರೆಯುವ ರೈಟರ್ ಕಂಪ್ಯೂಟರಿನೊಂದಿಗೆ ಜಗಳಕ್ಕೆ ನಿಂತಿದ್ದ. ಪಾಸ್‌ವರ್ಡ್ ಸರಿಯಾಗಿಯೇ ಹೊಡೆದಿದ್ದೇನೆ, ಈ ದರಿದ್ರ ಪೆಟ್ಟಿಗೆ ಒಪ್ಪುತ್ತಿಲ್ಲ ಎಂಬುದು ಅವನ ವಾದ.

"ಕ್ಯಾಪ್ಸ್ ಲಾಕ್ ಆನ್ ಇದೆ ನೋಡ್ರೀ. ಅದಕ್ಕೆ ದೊಡ್ಡಕ್ಷರವೇ ಬೇರೆ, ಚಿಕ್ಕಕ್ಷರವೇ ಬೇರೆ," ಎಂದರು ಇನ್‌ಸ್ಪೆಕ್ಟರ್.

"ನಿನ್ನೆ ಆರೋಪಿ ಹೆಸರು ದೊಡ್ಡಕ್ಷರದಲ್ಲಿ ಹೊಡೆದಿದ್ದೆ ಮೇಡಂ. ಹಾಗೇ ಬಿಟ್ಟುಬಿಟ್ಟಿದೀನಿ."

ದೂರು ಹೀಗಿತ್ತು. ಲ್ಯಾಬಿನ ವರದಿ ನಂಬಿ ವೈದ್ಯರು ಸಕ್ಕರೆ ಕಾಯಿಲೆಯೇ ಇಲ್ಲದ ಅಜ್ಜಿಯೊಬ್ಬರಿಗೆ ಇನ್ಸುಲಿನ್ ಕೊಟ್ಟಿದ್ದರು. ಅಜ್ಜಿ ಪ್ರಜ್ಞೆ ತಪ್ಪಿದರು, ಪುಣ್ಯಕ್ಕೆ ಬದುಕಿಕೊಂಡರು. ಅಜ್ಜಿಗೆ ಕೊಟ್ಟಿದ್ದ ವರದಿಯ ಕಾಗದದಲ್ಲಿ ಮುನ್ನೂರು ದಾಟಿದ್ದ ಸಕ್ಕರೆಯ ಅಂಕಿ ಲ್ಯಾಬಿನ ಕಂಪ್ಯೂಟರಿನಲ್ಲಿ ತೊಂಬತ್ತಾಗಿತ್ತು. ಶನಿವಾರ ಸಂಜೆ ಯಾರೋ ತಿದ್ದಿದ್ದರು. ತಿದ್ದಿದವರ ಜಾಗದಲ್ಲಿ ಹೊಸದಾಗಿ ಸೇರಿದ ಹುಡುಗಿಯ ಹೆಸರಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಇನ್‌ಸ್ಪೆಕ್ಟರ್ ರೈಟರನ್ನು ಕರೆದುಕೊಂಡು ಲ್ಯಾಬಿಗೆ ಬಂದು, ಆ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ ರೇಗಿದರು.

"ಪಾಸ್‌ವರ್ಡ್ ಯಾರಿಗೆ ಹೇಳಿದ್ದೆ?"

"ಯಾರಿಗೂ ಹೇಳಿಲ್ಲ ಮೇಡಂ."

"ಹಾಗಾದ್ರೆ ತಿದ್ದಿದ್ದು ನೀನೇ. ಏನು ಪಾಸ್‌ವರ್ಡ್?"

"ಮನೇಲಿ ಕರೆಯೋ ಹೆಸರು," ಎಂದವಳು ತಲೆ ತಗ್ಗಿಸಿದಳು.

ಅಲ್ಲಿಯ ಹಿರಿಯ ತಂತ್ರಜ್ಞರು ಅವಳ ಸೋದರಮಾವ. ಕೆಲಸ ಕೊಡಿಸಿದವರೂ ಅವರೇ, ಕಲಿಸಿದವರೂ ಅವರೇ. ಲ್ಯಾಬಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. "ಚಿಕ್ಕ ಹುಡುಗಿ ಮೇಡಂ, ಗಾಬರೀಲಿ ಮಾಡಿರ್ತಾಳೆ. ದೊಡ್ಡ ಮನಸ್ಸು ಮಾಡಿ," ಎಂದು ಮೇಷ್ಟ್ರು ಕೈಮುಗಿದರು. ಹುಡುಗಿ ಮಾವನ ಮುಖವನ್ನೇ ನೋಡಿದಳು. ನಂಬಬೇಕಾದ ಮಾವನೇ ಹೀಗಂದುಬಿಟ್ಟಿದ್ದರು. ಇನ್‌ಸ್ಪೆಕ್ಟರ್ ಜೀಪು ತರಲು ಹೇಳಿಯೂ ಆಗಿತ್ತು.

ಅಷ್ಟರಲ್ಲಿ ರೈಟರ್ ಪರದೆಯ ಮೇಲೆ ಬೆರಳಿಟ್ಟ. ಶನಿವಾರದ ಆ ತಿದ್ದುಪಡಿಗೆ ಮೊದಲು ಎರಡು ಸಲ ತಪ್ಪು ಪಾಸ್‌ವರ್ಡ್ ಬಿದ್ದಿತ್ತು. ಮೂರನೇ ಸಲ ಒಳಹೊಕ್ಕ ಮೇಲೆ ತಿದ್ದಲು ಕೊಟ್ಟ ಕಾರಣವೂ ಪೂರ್ತಿ ದೊಡ್ಡಕ್ಷರದಲ್ಲಿತ್ತು. ಹುಡುಗಿ ಬರೆದ ಬೇರೆ ಯಾವ ಟಿಪ್ಪಣಿಯೂ ಹಾಗಿರಲಿಲ್ಲ.

ಇನ್‌ಸ್ಪೆಕ್ಟರ್ ಜೀಪು ಸದ್ಯಕ್ಕೆ ಬೇಡವೆಂದು, ಎಲ್ಲರಿಗೂ ಒಬ್ಬೊಬ್ಬರಾಗಿ ಕೂತು ತಮ್ಮ ಹೆಸರು, ಕೆಲಸ ಟೈಪ್ ಮಾಡಲು ಹೇಳಿದರು. ಮೇಷ್ಟ್ರ ಸರದಿ ಬಂತು. ಕುರ್ಚಿ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಳ್ಳುತ್ತಲೇ, ನೋಡದೆ ಎಡಗೈ ಕಿರುಬೆರಳಿನಿಂದ ಕ್ಯಾಪ್ಸ್ ಲಾಕ್ ಒತ್ತಿದರು. ರಕ್ತದ ಟ್ಯೂಬುಗಳ ಚೀಟಿಗಳನ್ನೆಲ್ಲ ದೊಡ್ಡಕ್ಷರದಲ್ಲೇ ಹೊಡೆಯಬೇಕೆಂಬುದು ಲ್ಯಾಬಿನ ನಿಯಮ. ಏನೇ ಹೊಡೆಯುವ ಮೊದಲು ಆ ಕೀಲಿ ಒತ್ತುವುದು ಅವರಿಗೆ ವರ್ಷಗಟ್ಟಲೆ ಕೂತ ಅಭ್ಯಾಸ.

"ಮೇಡಂ, ಥೇಟ್ ನನ್ನ ಥರಾನೇ," ಎಂದ ರೈಟರ್. ಯಾರೂ ನಗಲಿಲ್ಲ.

"ಅವಳನ್ನ ಮನೇಲಿ ಕರೆಯೋ ಹೆಸರು ಇಟ್ಟಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

ಮೇಷ್ಟ್ರ ಕೈ ಕೀಬೋರ್ಡಿನ ಮೇಲೇ ನಿಂತಿತು. "ನಾನೇ. ತೊಟ್ಟಿಲಲ್ಲಿದ್ದಾಗಲೇ."

ಒಪ್ಪಿಕೊಳ್ಳಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಜ್ಜಿಯ ಮತ್ತು ಸಕ್ಕರೆ ಕಾಯಿಲೆಯ ಇನ್ನೊಬ್ಬರ ರಕ್ತದ ಟ್ಯೂಬುಗಳನ್ನು ಕೈತಪ್ಪಿ ಅದಲು ಬದಲು ಮಾಡಿದ್ದು ಅವರೇ. "ನನ್ನ ಕೈಲಿ ಒಂದೂ ತಪ್ಪಾಗಿಲ್ಲ ಅಂತ ಎಲ್ಲರಿಗೂ ಪಾಠ ಹೇಳ್ಕೊಂಡು ಬಂದೋನು ಮೇಡಂ. ಯಾವ ಮುಖ ಇಟ್ಕೊಂಡು ಹೇಳ್ಲಿ? ನನ್ನ ಹೆಸರಲ್ಲಿ ತಿದ್ದಿದ್ರೆ ಗೊತ್ತಾಗ್ತಿತ್ತು. ಇವಳು ಹೊಸಬಳು, ಬೈದು ಸುಮ್ಮನಾಗ್ತಾರೆ ಅಂದ್ಕೊಂಡೆ."

"ಎರಡು ಸಲ ಆ ಪಾಸ್‌ವರ್ಡ್ ಬಾಗಿಲು ತೆಗೀಲಿಲ್ವಲ್ಲ ಮಾವ," ಎಂದಳು ಹುಡುಗಿ. "ಆಗಲೂ ಎದ್ದು ಹೋಗ್ಬೇಕು ಅನ್ನಿಸ್ಲಿಲ್ವಾ?"

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ದಾಖಲೆಯ ಪ್ರತಿಗಳನ್ನು ಪಂಚನಾಮೆ ಬರೆದು ವಶಕ್ಕೆ ಪಡೆದರು. ಸಂಜೆ ನಾಲ್ಕಕ್ಕೆ ಮೇಷ್ಟ್ರ ಬಂಧನವಾಯಿತು. ಹುಡುಗಿಯ ಮೇಲೆ ಅಷ್ಟು ಜನರ ಮುಂದೆ ರೇಗಿದ್ದು ನೆನೆದು ಇನ್‌ಸ್ಪೆಕ್ಟರ್‌ಗೆ ನಾಚಿಕೆಯಾಯಿತು. ಹೋಗುವಾಗ, "ತಪ್ಪು ತಿಳ್ಕೊಂಡೆ ಕಣಮ್ಮ," ಎಂದರು. ಅಷ್ಟಕ್ಕೇ ಮುಗಿಯುವ ತಪ್ಪಲ್ಲ ಎಂದು ಅವರಿಗೂ ಗೊತ್ತಿತ್ತು.

ಪಾಸ್‌ವರ್ಡ್ ಬದಲಾಯಿಸಲು ಮಾಲೀಕರು ಹುಡುಗಿಗೆ ಹೇಳಿದರು. ಮೇಷ್ಟ್ರು ಇನ್ನೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಅವಳು ಅತ್ತ ತಿರುಗದೆ, ಎಡಗೈಯಿಂದ ಕೀಬೋರ್ಡ್ ಮರೆಮಾಡಿಕೊಂಡು, ಮನೆಯಲ್ಲಿ ಯಾರೂ ಎಂದೂ ಕರೆಯದ ಒಂದು ಪದವನ್ನು ಹೊಡೆದಳು.