ಮುಚ್ಚಳ ಹಾಕಿದ ಮೇಲೆ

"ಈ ಪುಟ ಬರೆದೋರು ಯಾರು?"

ಕಂಪ್ಯೂಟರ್ ಮಾಸಪತ್ರಿಕೆಯ ಮೂರನೇ ಮಹಡಿಯ ಕಚೇರಿಗೆ ಹಾಗೆ ಕೇಳುತ್ತ ನುಗ್ಗಿದವನ ಒಂದು ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ, ಇನ್ನೊಂದು ಕಂಕುಳಲ್ಲಿ ಇಡೀ ಕಂಪ್ಯೂಟರ್. ಲಿಫ್ಟ್ ಕೆಟ್ಟಿತ್ತು. ಸಿಟ್ಟಿನ ಅರ್ಧ ಪಾಲು ಮೆಟ್ಟಿಲ ಮೇಲೆಯೇ ಏದುಸಿರಾಗಿ ಹೋಗಿತ್ತು.

"ನಾನೇ," ಅಂದಳು ಅವಳು, ಕುರ್ಚಿಯಿಂದ ಏಳದೆ.

ಕಚೇರಿಯಲ್ಲಿ ಅವಳಿಗೆ ಕೋಷ್ಟಕದಮ್ಮ ಎಂದು ಹೆಸರು. ಗ್ರಾಫಿಕ್ಸ್ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು, ಮೆಮೊರಿ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಮೂಡಿಸುತ್ತದೆ, ಎಷ್ಟು ಕರೆಂಟು ಕುಡಿಯುತ್ತದೆ ಎಂದು ಅಳೆದು ಕೋಷ್ಟಕ ಮಾಡುವುದು ನಾಲ್ಕು ವರ್ಷದಿಂದ ಅವಳ ಕೆಲಸ. ನೋಡಲು ಬಂದ ಗಂಡುಗಳನ್ನೂ ಹೀಗೇ ಅಳೆದು ಎರಡು ಸಂಬಂಧ ತಪ್ಪಿಸಿಕೊಂಡಳೆಂಬುದು ತಾಯಿಯ ದೂರು.

ಆ ತಿಂಗಳ ಕೋಷ್ಟಕದಲ್ಲಿ ಎರಡು ಕಾರ್ಡುಗಳಿದ್ದವು. ಗಿಡ್ಡ ಕಾರ್ಡು ಸೆಕೆಂಡಿಗೆ ತೊಂಬತ್ತೆರಡು ಚಿತ್ರ, ಉದ್ದ ಕಾರ್ಡು ಎಂಬತ್ತನಾಲ್ಕು. ಗಿಡ್ಡದ್ದನ್ನೇ ಕೊಳ್ಳಿ ಎಂದು ಅವಳು ಬರೆದಿದ್ದಳು.

ಬಂದವನು ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಯವನು. ಅವಳ ಮಾತು ನಂಬಿ ಹನ್ನೊಂದು ಜನಕ್ಕೆ ಗಿಡ್ಡ ಕಾರ್ಡು ಹಾಕಿಕೊಟ್ಟಿದ್ದ. ಹನ್ನೊಂದು ಜನರೂ ನಿಧಾನ ಎಂದು ವಾಪಸು ಬಂದಿದ್ದರು. ಅವರಲ್ಲೊಬ್ಬಳು, ಮನೆಯಲ್ಲೇ ಕೂತು ಕಾರ್ಟೂನ್ ಚಿತ್ರ ಮಾಡುವ ಅವನ ಸ್ವಂತ ಅಕ್ಕ.

"ಬೇರೆ ಗಿರಾಕಿಗಳು ಬೈದು ಹೋಗ್ತಾರೆ. ಅಕ್ಕ ಬೈದು ಅಲ್ಲೇ ಇರ್ತಾಳೆ," ಅಂದ. "ನಿಮ್ಮ ಕೋಷ್ಟಕ ಸುಳ್ಳು ಮೇಡಂ."

ಸುಳ್ಳು...

ತಪ್ಪು ಅಂದಿದ್ದರೆ ಅವಳು ಸಹಿಸುತ್ತಿದ್ದಳು. ಸುಳ್ಳು ಅಂದರೆ ಯಾರೋ ಏನೋ ಕೊಟ್ಟು ಬರೆಸಿದ ಹಾಗೆ! ಅವಳ ಹತ್ತಿರ ಇದ್ದ ಆಸ್ತಿಯೆಂದರೆ ಅದೊಂದೇ: ಅವಳ ಅಂಕಿಯನ್ನು ಜನ ನಂಬುತ್ತಾರೆ ಎಂಬುದು.

ಮೇಜಿನ ಮೇಲೇ ಪರೀಕ್ಷೆ ಆಗಿಹೋಗಲಿ ಎಂದಳು. ಅವನು ಅಭ್ಯಾಸಬಲದಿಂದ ನಾಲ್ಕು ಸ್ಕ್ರೂ ಬಿಚ್ಚಿ, ತಾನು ತಂದಿದ್ದ ಗಿಡ್ಡ ಕಾರ್ಡಿನ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು ಬದಿಗಿಟ್ಟ. ಕಚೇರಿಯೆಲ್ಲ ಸುತ್ತ ನಿಂತಿತು. ಇಪ್ಪತ್ತು ನಿಮಿಷ ಓಡಿದರೂ ಪರದೆಯ ಮೂಲೆಯ ಅಂಕಿ ಅಲುಗಲಿಲ್ಲ. ತೊಂಬತ್ತೆರಡು.

"ಓದೋಕೆ ಬರುತ್ತಲ್ಲ ನಿಮಗೆ?" ಅಂದಳು ಅವಳು.

ಅವನು ಮುಚ್ಚಳ ಹಾಕಿ, ಕಂಪ್ಯೂಟರ್ ಎತ್ತಿಕೊಂಡು ಮೂರು ಮಹಡಿ ಇಳಿದು ಹೋದ. ಗೆದ್ದವಳಿಗೆ ಆ ಮಧ್ಯಾಹ್ನ ಊಟ ಯಾಕೋ ಸೇರಲಿಲ್ಲ.

ಮರುದಿನ ಜಾಹೀರಾತು ಸಂಗ್ರಹಿಸುವವನು ಬಂದು, ಆ ಅಂಗಡಿಯ ಕೌಂಟರಿನ ಗಾಜಿನಡಿ ಅವಳ ಪುಟಗಳನ್ನೇ ಹಾಸಿದ್ದಾರೆ, ತುಂಬ ಕೆಂಪು ಪೆನ್ಸಿಲಿನ ಗುರುತು, ಎದುರಿನಿಂದ ತಲೆಕೆಳಗಾಗಿ ಕಾಣುತ್ತಿದ್ದುದರಿಂದ ಏನೆಂದು ಓದಲಾಗಲಿಲ್ಲ ಎಂದು ವರದಿ ಒಪ್ಪಿಸಿದ. ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಬಂದ ಗಿರಾಕಿಗಳಿಗೆಲ್ಲ ನನ್ನ ತಪ್ಪು ತೋರಿಸಿ ನಗ್ತಾನಾ? ಆಗಲಿ. ಆ ಅಕ್ಕನ ಮನೆಗೇ ಹೋಗಿ ಅಳೀತೀನಿ. ಇವನ ಬಾಯಿಂದಲೇ 'ನಿಜ' ಅನ್ನಿಸ್ತೀನಿ.

ಅಂಗಡಿಗೆ ಫೋನ್ ಮಾಡಿ ಭಾನುವಾರ ಗೊತ್ತುಮಾಡಿಕೊಂಡಳು.

ಅಕ್ಕನ ಮನೆಯಲ್ಲಿ ಕಂಪ್ಯೂಟರ್ ಮೇಜಿನಡಿ ಗೋಡೆಗೆ ಒತ್ತಿ ಕೂತಿತ್ತು. ಇಬ್ಬರೂ ಮೊಣಕಾಲೂರಿ ಒಟ್ಟಿಗೇ ಸ್ಕ್ರೂಗೆ ಕೈ ಹಾಕಿದರು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಹಿಂದೆ ಸರಿದರು, ಅಗತ್ಯಕ್ಕಿಂತ ಸ್ವಲ್ಪ ಜಾಸ್ತಿಯೇ.

"ಕೈ ತೆಗೀರಿ ಇಬ್ರೂ," ಅಂದಳು ಅಕ್ಕ. "ನಾನೇನು ಮುಚ್ಚಳ ತೆಗೆದಿಟ್ಕೊಂಡು ಕೆಲಸ ಮಾಡ್ತೀನಾ? ಬೆಕ್ಕು ಒಳಗೆ ಹೋಗಿ ಮಲಗುತ್ತೆ. ಇದ್ದ ಹಾಗೇ ನೋಡಿ."

ಇದ್ದ ಹಾಗೇ ನೋಡಿದರು. ಐದನೇ ನಿಮಿಷ ತೊಂಬತ್ತೆರಡು. ಹತ್ತನೇ ನಿಮಿಷ ಎಂಬತ್ತು. ಇಪ್ಪತ್ತೈದಕ್ಕೆ ಅರವತ್ತೊಂದು, ಅಲ್ಲೇ ನಿಂತಿತು. ಗಿಡ್ಡ ಕಾರ್ಡಿಗೆ ಒಂದೇ ಫ್ಯಾನು. ಮುಚ್ಚಿದ ಪೆಟ್ಟಿಗೆಯ ಬಿಸಿಗಾಳಿ ಹೊರಹೋಗದೆ, ಕಾರ್ಡು ತಾನು ಸುಟ್ಟುಹೋಗಬಾರದೆಂದು ತಾನೇ ನಿಧಾನವಾಗುತ್ತಿತ್ತು. ಅವನು ತಂದಿದ್ದ ಉದ್ದ ಕಾರ್ಡು ಹಾಕಿ ಮುಚ್ಚಿದರೆ, ಅರ್ಧ ಗಂಟೆಯ ನಂತರವೂ ಎಂಬತ್ತೆರಡು.

ನಾಲ್ಕು ವರ್ಷದಿಂದ ಅವಳು ಅಳೆದದ್ದು ಬಯಲು ಮೇಜಿನ ಮೇಲೆ. ಅವನು ರಿಪೇರಿ ಮಾಡಿದ್ದೂ ಮುಚ್ಚಳ ಬಿಚ್ಚಿಯೇ. ಬಲ್ಲವರಿಬ್ಬರೂ ಪೆಟ್ಟಿಗೆ ಮುಚ್ಚಿ ನೋಡಿರಲಿಲ್ಲ. ಮುಚ್ಚಿ ಬಳಸಿದವರು ಏನೂ ಅರಿಯದ ಹನ್ನೊಂದು ಜನ.

ಅವಳ ಮುಖ ನೋಡಿ ಅವನ ದನಿ ಇಳಿಯಿತು. "ನಾನೂ ಬಿಚ್ಚೇ ನೋಡ್ದೆ. ಬಿಡಿ, ಕಾರ್ಡು ಬದಲಾಯಿಸಿ ಕೊಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

ಸಂಪಾದಕರು ಕೊನೆಯ ಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕೋಣ ಎಂದರು. ಅದೇ ಪುಟ, ಅದೇ ಅಳತೆ, ಮೇಲೆ 'ನಾನು ತಪ್ಪು ಅಳೆದೆ' ಎಂಬ ತಲೆಬರಹ ಬೇಕೆಂದಳು ಅವಳು. ಇನ್ನು ಮುಂದೆ ಯಾರು ನಂಬುತ್ತಾರೆ ಎಂದು ಅವರು ಹೆದರಿಸಿದರು. ಹಾಗಾದರೆ ಕೋಷ್ಟಕ ನೀವೇ ಮಾಡಿಕೊಳ್ಳಿ ಎಂದಳು. ಸಂಪಾದಕರು ತಾವೇ ಕೂತು ಕೋಷ್ಟಕ ಮಾಡುವುದನ್ನು ಒಂದು ಗಳಿಗೆ ಕಲ್ಪಿಸಿಕೊಂಡು, ಒಪ್ಪಿದರು. ಅವಳು ನಾಲ್ಕು ದಿನ ಮುಚ್ಚಳ ಹಾಕಿ ಎಲ್ಲವನ್ನೂ ಮತ್ತೆ ಅಳೆದಳು.

ಅಚ್ಚಾದ ಮೊದಲ ಪ್ರತಿ ಹಿಡಿದು ಅವಳೇ ಅಂಗಡಿಗೆ ಹೋದಳು. ನಗುವುದಿದ್ದರೆ ಎದುರಿಗೇ ನಗಲಿ...

ಗಾಜಿನಡಿ ಅವಳ ಪುಟಗಳು ಸಾಲಾಗಿದ್ದವು. ಜಾಗ ಸಾಲದೆ ಉಳಿದವು ಗೋಡೆಯ ಮೇಲೆ. ಅವಳು ಕೌಂಟರ್ ಸುತ್ತಿ ಒಳಗಿನಿಂದ ಓದಿದಳು. ಪ್ರತಿ ಅಂಕಿಯ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಒಂದೇ ಪದ. ಸರಿ. ಸರಿ. ಸರಿ. ಕಳೆದ ತಿಂಗಳ ಪುಟ ಮಾತ್ರ ಖಾಲಿ.

"ಇಲ್ಲಿ ಯಾಕೆ ಏನೂ ಬರೆದಿಲ್ಲ?"

"ತಪ್ಪು ಅಂತ ಬರೆಯೋಕೆ ಕೈ ಬರಲಿಲ್ಲ," ಅಂದ ಅವನು. "ಅದಕ್ಕೇ ಕೇಳೋಣ ಅಂತ ಮಹಡಿ ಹತ್ತಿ ಬಂದೆ."

"ಸುಳ್ಳು ಅಂದ್ರಿ."

"ನಾಲ್ಕು ವರ್ಷದಿಂದ ನಂಬಿದ್ದೆ ರೀ. ನಂಬಿದವರ ಮೇಲೇ ಅಷ್ಟು ಸಿಟ್ಟು ಬರೋದು."

ಅವಳು ಹೊಸ ಪುಟವನ್ನು ಗಾಜಿನ ಮೇಲೆ ಹಾಸಿದಳು. ಅವನು ತಲೆಬರಹ ಓದಿದ, ಕೋಷ್ಟಕ ಓದಿದ, ಮತ್ತೆ ತಲೆಬರಹ ಓದಿದ. ಪೆನ್ಸಿಲು ಎತ್ತಿ 'ಸರಿ' ಎಂದು ಬರೆದ.

"ಇನ್ನೊಂದು ಕೇಳ್ಲಾ?" ಅಂದ. "ನನ್ನನ್ನ... ಒಪ್ತೀರಾ?"

"ಐದು ನಿಮಿಷ ನೋಡಿ ಬರೆದುಬಿಡೋ ಅಭ್ಯಾಸ ಬಿಟ್ಟಿದ್ದೀನಿ. ಬಿಸಿ ಏರಿದ ಮೇಲೂ ಎಷ್ಟು ನಿಲ್ಲುತ್ತೆ ಅಂತ ನೋಡ್ಬೇಕು."

"ಅದಕ್ಕೆಷ್ಟು ಹೊತ್ತು ಬೇಕು?"

"ಒಂದು ಆಯುಷ್ಯ ಆಗಬಹುದು. ಪುರುಸೊತ್ತಿದೆಯಾ ನಿಮಗೆ?"

ಅವನು ಅಂಗಡಿಯ ಫಲಕವನ್ನು 'ಮುಚ್ಚಿದೆ' ಎಂದು ತಿರುಗಿಸಿದ. ನಡುಹಗಲು ಹನ್ನೆರಡಕ್ಕೆ.

"ಮೊದಲು ನಿಮ್ಮ ಅಕ್ಕನಿಗೆ ಹೇಳ್ಬೇಕು," ಅಂದಳು ಅವಳು. "ಬೈತಾರಾ?"

"ಬೈತಾಳೆ," ಅಂದ ಅವನು. "ಬೈದು ಅಲ್ಲೇ ಇರ್ತಾಳೆ."