ಕುರ್ಚಿಯ ಮೇಲಿನ ಹಿಮ

ವರ್ಡೆಲ್ ಓಕ್ಸ್ ಮೆಟ್ಟಿಲಿನ ಹಿಮ ಕರಗಲೆಂದು ಉಪ್ಪು ಎರಚುತ್ತಿದ್ದಳು. ಪಕ್ಕದ ಮನೆಯ ಅರ್ನೆಟಾ ಬರೀ ಚಪ್ಪಲಿಯಲ್ಲೇ ಓಡಿಬಂದಳು.

"ನನ್ನ ಮಗ ಟೇವಿಯನ್‌ನ ಪೊಲೀಸ್ರು ಹಿಡ್ಕೊಂಡು ಹೋದ್ರು ಕಣೇ! ನಿಂತಿದ್ದ ಕಾರಲ್ಲಿ ಹಾಡು ಕೇಳ್ತಾ ಕೂತಿದ್ದ, ಅಷ್ಟೇ!"

ಸೀಟಿನಡಿ ಪಿಸ್ತೂಲು ಸಿಕ್ಕಿತ್ತಂತೆ. ವರ್ಡೆಲ್ ಉಪ್ಪಿನ ಡಬ್ಬಿ ಕೆಳಗಿಟ್ಟಳು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಬಡವರ ಪರ ವಾದಿಸುವ ವಕೀಲರಿಗೆ ಸಾಕ್ಷಿ ಹುಡುಕಿಕೊಡುವುದೇ ಅವಳ ಕೆಲಸ. ಆದರೆ ಈ ಹುಡುಗನನ್ನು ತೊಟ್ಟಿಲಿನಿಂದ ಬಲ್ಲಳು. ನದಿಯ ದೋಣಿ ಕಂಪನಿ ಈಗಷ್ಟೇ ಅವನನ್ನು ಕೆಲಸಕ್ಕೆ ಕರೆದಿತ್ತು. ಮೊಕದ್ದಮೆ ನಡೆದರೆ ಅದೂ ಹೋಯಿತು.

* * *

ಮೊದಲು ಪಿಸ್ತೂಲಿನ ಬೆನ್ನುಹತ್ತಿದಳು. ಅದು ಟೇವಿಯನ್‌ನ ಚಿಕ್ಕಪ್ಪನ ಮಗ ಮಾರ್ಕೆಲ್‌ನದು.

"ನಂದೇ ಆಂಟಿ. ಕೋರ್ಟಲ್ಲಿ ಮಾತ್ರ ಹೇಳಲ್ಲ."

"ನಿನ್ನ ಧೈರ್ಯಕ್ಕಿಷ್ಟು ಬೆಂಕಿ ಹಾಕ!"

ಆ ದಾರಿ ಮುಚ್ಚಿತು. ಉಳಿದದ್ದು ಪೊಲೀಸ್ ರಾಫರ್ಟಿಯ ವರದಿ. ಹುಡುಗನನ್ನು ಹಿಡಿದ ಅವನೂ ಇದೇ ಬೀದಿಯಲ್ಲಿ ಬೆಳೆದವನು. ವರದಿಯಲ್ಲಿ ಹೀಗಿತ್ತು: "ಅವನ ಕಾರಿನ ಹಿಂದಿನ ಖಾಲಿ ಜಾಗದಲ್ಲಿ ನನ್ನ ಗಾಡಿ ನಿಲ್ಲಿಸಿದೆ. ಗಾಜು ತಟ್ಟಿ ಮಾತಾಡಿಸಿದೆ. ಹೊರಟುಹೋಗಲು ಅವನಿಗೆ ಅಡ್ಡಿಯಿರಲಿಲ್ಲ. ತಾನಾಗಿ ಕಾರು ಹುಡುಕಲು ಬಿಟ್ಟ." ಜೊತೆಗೆ ಬಂಧನದ ಹೊತ್ತಿನ ಫೋಟೊ.

ಫೋಟೊ ನೋಡಿ ವರ್ಡೆಲ್ ದಂಗಾದಳು.

* * *

ಕೋರ್ಟಿನಲ್ಲಿ, ಅವಳು ಹೇಳಿಕೊಟ್ಟಂತೆ ಟೇವಿಯನ್‌ನ ವಕೀಲ ರಾಫರ್ಟಿಯನ್ನು ಕೇಳಿದ. "ಫೋಟೊದಲ್ಲಿ ಕಾರಿನ ಹಿಂದಿನ ಜಾಗದಲ್ಲಿ ಕುರ್ಚಿ ಕಾಣುತ್ತಲ್ಲ, ಯಾರದು?"

"ಮಿಸೆಸ್ ಡೊಂಬೆಕ್‌ದು," ಎಂದ ರಾಫರ್ಟಿ. "ಹಿಮ ಬಗೆದು ತೆಗೆದವರದೇ ಗಾಡಿ ನಿಲ್ಲಿಸೋ ಜಾಗ. ಗುರುತಿಗೆ ಕುರ್ಚಿ ಇಡ್ತಾರೆ."

"ನೀವು ಸರಿಸಿದ್ರಾ?"

"ಆ ಅಜ್ಜಿ ಕುರ್ಚಿನಾ? ನಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ!"

ಎಲ್ಲರೂ ನಕ್ಕರು. ವಕೀಲ ಫೋಟೊ ಎತ್ತಿ ಹಿಡಿದ.

"ಹೌದು, ಸರಿಸಿಲ್ಲ. ರಾತ್ರಿ ಬಿದ್ದ ಹಿಮ ಅದರ ಮೇಲೆ ಕದಡದೆ ಕೂತಿದೆ. ಹಾಗಾದ್ರೆ ನಿಮ್ಮ ಗಾಡಿ ಎಲ್ಲಿತ್ತು?"

ಟೇವಿಯನ್‌ನ ಕಾರಿನ ಮುಂದೆ ಎದೆಮಟ್ಟದ ಹಿಮ. ಹಿಂದೆ ಕುರ್ಚಿ. ಅದು ಹೊರಡಲು ಉಳಿದದ್ದು ರಸ್ತೆಯ ಕಡೆಯೊಂದೇ.

"ಪಕ್ಕದಲ್ಲಿ... ಅಡ್ಡ," ರಾಫರ್ಟಿಯ ಕಿವಿ ಕೆಂಪಾಯಿತು. "ವರದೀಲಿ 'ಹಿಂದೆ' ಅಂತಾನೇ ಎಲ್ರೂ ಬರೆಯೋದು ಸಾರ್."

ಎಲ್ರೂ! ವರ್ಡೆಲ್ ಆ ಮಾತನ್ನು ಬರೆದುಕೊಂಡಳು. ಹಾಗೇ ಬರೆದು ಇನ್ನೆಷ್ಟು ಮಂದಿಯನ್ನು ಒಳಗೆ ತಳ್ಳಿದ್ದರೋ.

ನ್ಯಾಯಾಧೀಶೆ ಕನ್ನಡಕ ತೆಗೆದರು. "ಗಾಡಿ ಅಡ್ಡ ನಿಂತ ಕ್ಷಣವೇ ಹುಡುಗ ಸೆರೆಯಾದ. ಆಗ ಅವನನ್ನು ತಡೆಯಲು ನಿಮ್ಮ ಬಳಿ ಕಾರಣವೇ ಇರಲಿಲ್ಲ. ಆಮೇಲೆ ಸಿಕ್ಕಿದ ಪಿಸ್ತೂಲು ಸಾಕ್ಷಿಯಾಗದು. ಮೊಕದ್ದಮೆ ವಜಾ."

* * *

'ನಿಮ್ಮ ಮೇಲೆ ಮೊಕದ್ದಮೆ ಇದೆಯೇ?' ಎಂದು ಕೇಳಿದ್ದ ದೋಣಿ ಕಂಪನಿಗೆ ಟೇವಿಯನ್ ವಾರಗಟ್ಟಲೆ ಉತ್ತರಿಸಿರಲಿಲ್ಲ. ಆ ಸಂಜೆ 'ಇಲ್ಲ' ಎಂದು ಬರೆದು, ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ. ಮುಚ್ಚಳ ಮತ್ತೆ ತೆಗೆದು ಇಣುಕಿದ.

"ಬಿತ್ತೇನೋ?" ಅರ್ನೆಟಾ ಬಾಗಿಲಿನಿಂದ ಕೂಗಿದಳು.

"ಬಿತ್ತಮ್ಮಾ!"